ಕೆಲಸ ಕಲಿಸಿದ ಅಕ್ಕನಿಗೇ ನಾಳೆ ನಾನು ಶಿಫ್ಟ್ ಹಾಕಬೇಕು

ಪ್ರಶ್ನೆ: ಕಾಲೇಜಿಗೆ ಹೋಗುತ್ತಲೇ ಮೂರು ವರ್ಷ ಒಂದು ದೊಡ್ಡ ಬಟ್ಟೆ ಅಂಗಡಿಯಲ್ಲಿ ಪಾರ್ಟ್‌ಟೈಮ್ ಕೆಲಸ ಮಾಡಿದೆ. ಫ್ಲೋರ್, ಬಿಲ್ಲಿಂಗ್, ಟ್ರಯಲ್ ರೂಮ್, ಗೋಡೌನ್, ಎಲ್ಲ ಕಡೆ ದುಡಿದಿದ್ದೇನೆ. ಈಗ ಡಿಗ್ರಿ ಮುಗಿದಿದೆ. "ಅಸಿಸ್ಟೆಂಟ್ ಮ್ಯಾನೇಜರ್ ಟ್ರೈನಿಯಾಗಿ ಸೇರು, ಎರಡು ವಾರದಲ್ಲಿ ಹೇಳು" ಎಂದು ನಮ್ಮ ಮ್ಯಾನೇಜರ್ ಹೇಳಿದ್ದಾರೆ. ಅದರಲ್ಲಿ ಐದು ದಿನ ಆಗಲೇ ಕಳೆದಿದೆ. ಮನೆಯಲ್ಲಿ "ಇಷ್ಟು ಓದಿ ಮತ್ತೆ ಅಂಗಡಿಯಲ್ಲೇ ನಿಲ್ಲೋದಾ" ಅಂತಾರೆ. ಆದರೆ ಅದಕ್ಕಿಂತ ಜಾಸ್ತಿ ಕಾಡುತ್ತಿರುವುದು ಬೇರೆ. ಅಲ್ಲಿ ಹನ್ನೊಂದು ವರ್ಷದಿಂದ ಇರುವ ಒಬ್ಬ ಅಕ್ಕ ಇದ್ದಾರೆ. ಶರ್ಟ್ ಮಡಚುವುದರಿಂದ ಹಿಡಿದು ಸಿಟ್ಟಾದ ಗ್ರಾಹಕರನ್ನು ಸಮಾಧಾನ ಮಾಡುವವರೆಗೆ ನನಗೆ ಎಲ್ಲ ಕಲಿಸಿದ್ದು ಅವರೇ. ಡಿಗ್ರಿ ಇಲ್ಲ ಎಂದು ಅವರನ್ನು ಯಾರೂ ಕೇಳಿಲ್ಲ. ನಾಳೆ ನಾನು ಅವರಿಗೆ ಶಿಫ್ಟ್ ಹಾಕಬೇಕು. ಜೊತೆಗೆ ನಮ್ಮದೊಂದು ವಾಟ್ಸಾಪ್ ಗ್ರೂಪ್ ಇದೆ. ಅಲ್ಲಿ ಮ್ಯಾನೇಜರ್‌ಗಳನ್ನು ಬೈಯುವುದರಲ್ಲಿ ನಾನೇ ಮುಂದು. ಇವರೆಲ್ಲರ ಎದುರು ಯಾವ ಮುಖ ಇಟ್ಟುಕೊಂಡು ನಿಲ್ಲಲಿ? ಒಪ್ಪಿಕೊಳ್ಳಲಾ, ಬಿಡಲಾ?

ಉತ್ತರ: ನಿಮ್ಮ ಪತ್ರದಲ್ಲಿ ಸಂಬಳದ ಬಗ್ಗೆ ಒಂದು ಸಾಲೂ ಇಲ್ಲ. ಅಕ್ಕನ ಬಗ್ಗೆ ಮಾತ್ರ ಇಷ್ಟೊಂದು ಇದೆ. ಓದಿ ನನಗೆ ಖುಷಿಯಾಯಿತು, ಸ್ವಲ್ಪ ಚಿಂತೆಯೂ ಆಯಿತು. ಎರಡಕ್ಕೂ ಕಾರಣ ಮುಂದೆ ಹೇಳುತ್ತೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುವುದು ಒಳ್ಳೆಯದು: ಒಪ್ಪಿಕೊಳ್ಳಿ. ಆದರೆ ಹೂಂ ಅನ್ನುವ ಮೊದಲು ಮ್ಯಾನೇಜರ್ ಹತ್ತಿರ ಕೆಲವು ಪ್ರಶ್ನೆ ಕೇಳಿ, ಅಕ್ಕನ ಜೊತೆ ಕೂತು ಒಂದು ಮಾತು ಆಡಿ.

ಮನೆಯವರ ಮಾತು ಬೇಗ ಮುಗಿಸಿಬಿಡೋಣ. ಅವರ ಕಣ್ಣಿಗೆ ಕಾಣುವುದು ನೀವು ಅದೇ ಬಾಗಿಲಿನಿಂದ ಒಳಗೆ ಹೋಗುವುದು ಮಾತ್ರ. ಒಳಗೆ ಹೋಗಿ ಮಾಡುವ ಕೆಲಸ ಬೇರೆ ಆಗಿರುತ್ತದೆ ಎಂದು ಅವರಿಗೆ ಯಾರೂ ಬಿಡಿಸಿ ಹೇಳಿಲ್ಲ, ಅಷ್ಟೇ. ಡಗ್ ಮ್ಯಾಕ್‌ಮಿಲನ್ ಎಂಬುವವರು 1984ರಲ್ಲಿ ವಾಲ್‌ಮಾರ್ಟ್‌ನ ಗೋದಾಮಿನಲ್ಲಿ ಲಾರಿಯಿಂದ ಮಾಲು ಇಳಿಸುವ ಬೇಸಿಗೆ ಕೆಲಸಕ್ಕೆ ಸೇರಿದ್ದರು. ಓದು ಮುಂದುವರಿಸಿ ಎಂಬಿಎ ಮಾಡುತ್ತಿರುವಾಗ, 1990ರಲ್ಲಿ, ಅದೇ ಕಂಪನಿಗೆ ವಾಪಸ್ ಬಂದು ಒಂದು ಅಂಗಡಿಯಲ್ಲಿ ಅಸಿಸ್ಟೆಂಟ್ ಮ್ಯಾನೇಜರ್ ಆದರು. 2014ರಲ್ಲಿ ಇಡೀ ಕಂಪನಿಯ ಸಿಇಒ ಆದರು. ಎಲ್ಲರೂ ಅಷ್ಟು ದೂರ ಹೋಗುವುದಿಲ್ಲ, ನಿಮಗೆ ಅದು ಬೇಕು ಅಂತಲೂ ನಾನು ಹೇಳುತ್ತಿಲ್ಲ. ಓದಿದವರು ಅಂಗಡಿಗೆ ಮರಳಿದರೆ ಓದು ದಂಡ ಆಗುವುದಿಲ್ಲ ಎಂದು ಮನೆಯಲ್ಲಿ ಹೇಳಲು ನಿಮಗೆ ಒಂದು ಉದಾಹರಣೆ ಇರಲಿ.

ಈಗ ಆ ಬೇರೆ ಕೆಲಸ ಏನು ಅಂತ ನೋಡೋಣ. ನಾನೂ ಫ್ಲೋರ್‌ನಲ್ಲಿ ನಿಂತು ಆಮೇಲೆ ಮ್ಯಾನೇಜರ್ ಆದವಳು. ಅಸಿಸ್ಟೆಂಟ್ ಮ್ಯಾನೇಜರ್ ಆದ ಮೊದಲ ತಿಂಗಳ ಒಂದು ಸಂಜೆ ವಿಪರೀತ ರಶ್ ಇತ್ತು. ಬಿಲ್ಲಿಂಗ್ ಕ್ಯೂ ಬಾಗಿಲವರೆಗೆ ಬಂದಿತ್ತು. ನಾನು ಹಿಂದೆಮುಂದೆ ನೋಡದೆ ಒಂದು ಕೌಂಟರ್ ತೆರೆದು ಕೂತೆ. ನನ್ನ ಕೈ ಬಿಲ್ಲಿಂಗ್‌ನಲ್ಲಿ ತುಂಬಾ ಚುರುಕು. ಮುಕ್ಕಾಲು ಗಂಟೆಯಲ್ಲಿ ಕ್ಯೂ ಕರಗಿತು, ನನಗೋ ಒಳಗೊಳಗೇ ಹೆಮ್ಮೆ. ಆ ಮುಕ್ಕಾಲು ಗಂಟೆಯಲ್ಲಿ ಹಿಂದಿನ ಬಾಗಿಲಿಗೆ ಮಾಲು ಬಂದಿತ್ತು. ಅಲ್ಲಿದ್ದ ಹೊಸ ಹುಡುಗನಿಗೆ ಏನು ಮಾಡಬೇಕು ಅಂತ ಗೊತ್ತಿಲ್ಲ, ಕೇಳೋಣ ಅಂದರೆ ನಾನು ಕೈಗೆ ಸಿಗಲಿಲ್ಲ, ಎಣಿಸದೆ ಚಲನ್‌ಗೆ ಸಹಿ ಹಾಕಿ ಕಳಿಸಿಬಿಟ್ಟ. ಎರಡು ಬಾಕ್ಸ್ ಕಮ್ಮಿ ಇತ್ತು. ಟ್ರಯಲ್ ರೂಮ್ ಮುಂದೆ ಬಟ್ಟೆ ಗುಡ್ಡೆ ಬಿದ್ದಿತ್ತು. ಇಬ್ಬರಿಗೆ ಬ್ರೇಕ್ ಸಿಕ್ಕಿರಲಿಲ್ಲ. ಅವತ್ತು ನಮ್ಮ ಮ್ಯಾನೇಜರ್ ಬೈಯಲಿಲ್ಲ. "ಕೌಂಟರ್ ನೀನು ನೋಡಿಕೊಂಡೆ ಸರಿ, ಅಂಗಡಿ ಯಾರು ನೋಡಿಕೊಂಡರು?" ಎಂದು ಕೇಳಿದರು. ಆ ಹುಡುಗನ ಮುಖ ನನಗೆ ಇವತ್ತಿಗೂ ನೆನಪಿದೆ. ತಪ್ಪು ನನ್ನದು, ಹೆದರಿದ್ದು ಅವನು.

ಫ್ಲೋರ್‌ನಲ್ಲಿ ಒಳ್ಳೆಯ ಹೆಸರು ಮಾಡಿದವರಿಗೆ ಇದು ಕಷ್ಟ. ಇಷ್ಟು ದಿನ ನಿಮ್ಮ ಕೈಯಲ್ಲಿ ಎಷ್ಟು ಕೆಲಸ ಆಯಿತು ಎನ್ನುವುದರ ಮೇಲೆ ನಿಮಗೆ ಮರ್ಯಾದೆ ಸಿಗುತ್ತಿತ್ತು. ಇನ್ನು ಮೇಲೆ ನೀವು ಇಲ್ಲದಾಗಲೂ ಕೆಲಸ ಸರಿಯಾಗಿ ಆಯಿತಾ ಎನ್ನುವುದರ ಮೇಲೆ ಸಿಗುತ್ತದೆ. ರಶ್ ಇದ್ದಾಗ ನೀವೇ ನುಗ್ಗುವ ಬದಲು ಯಾರನ್ನು ಎಲ್ಲಿಗೆ ಕಳಿಸಬೇಕು ಎಂದು ನಿಂತು ನೋಡಬೇಕು. ಹಾಗೆ ನಿಂತಾಗ "ನೋಡಿ, ಮ್ಯಾನೇಜರ್ ಆದಮೇಲೆ ಕೈಕಟ್ಟಿ ನಿಂತಿದ್ದಾಳೆ" ಅಂತ ಯಾರಾದರೂ ಅಂದೇ ಅನ್ನುತ್ತಾರೆ. ನೋವಾಗುತ್ತದೆ. ಆದರೂ ನಿಲ್ಲಬೇಕು.

ಲೆಕ್ಕವೂ ಕಲಿಯಬೇಕು. ಹೆದರಬೇಡಿ, ಅದು ನಿಮಗೆ ಬೇಗ ಬರುತ್ತದೆ. ಒಂದು ದಿನ 400 ಜನ ಒಳಗೆ ಬಂದರು, 80 ಬಿಲ್ ಆಯಿತು ಅಂದುಕೊಳ್ಳಿ. ಕನ್ವರ್ಷನ್, ಅಂದರೆ ಒಳಗೆ ಬಂದವರಲ್ಲಿ ಕೊಂಡವರ ಪಾಲು, ನೂರಕ್ಕೆ 20. ಅದೇ 400 ಜನರಲ್ಲಿ 100 ಬಿಲ್ ಮಾಡಿಸಿದರೆ 25 ಆಗುತ್ತದೆ, ಹೊಸದಾಗಿ ಒಬ್ಬ ಗ್ರಾಹಕರನ್ನೂ ಕರೆತರಬೇಕಿಲ್ಲ. ಆ 20 ಬಿಲ್ ಎಲ್ಲಿ ಜಾರಿತು ಎಂದು ಮೇಲಿನವರು ಮೀಟಿಂಗ್ ಮಾಡಿ ತಲೆ ಕೆಡಿಸಿಕೊಳ್ಳುತ್ತಾರೆ. ನಿಮಗೆ ಉತ್ತರ ಆಗಲೇ ಗೊತ್ತು: ಎಂ ಸೈಜ್ ಗೋಡೌನ್‌ನಲ್ಲಿ ಇತ್ತು, ರ‍್ಯಾಕ್‌ಗೆ ಬಂದಿರಲಿಲ್ಲ. ಟ್ರಯಲ್ ರೂಮ್ ಕ್ಯೂ ನೋಡಿ ನಾಲ್ಕು ಜನ ಬಟ್ಟೆ ಅಲ್ಲೇ ಇಟ್ಟು ಹೋದರು. ಮೂರು ವರ್ಷ ನೀವು ಕಣ್ಣಾರೆ ನೋಡಿದ್ದು ಇದನ್ನೇ ಅಲ್ವಾ? ಶ್ರಿಂಕೇಜ್ ಕೂಡ ಹಾಗೆಯೇ. ಲೆಕ್ಕದಲ್ಲಿ ಇದ್ದು ರ‍್ಯಾಕ್‌ನಲ್ಲಿ ಇಲ್ಲದ ಮಾಲು. ಎಲ್ಲರೂ ಕಳ್ಳತನ ಅಂದುಕೊಳ್ಳುತ್ತಾರೆ. ಅದೂ ಇರುತ್ತದೆ, ಆದರೆ ಮಾಲು ಇಳಿಸುವಾಗ ಎಣಿಸದೆ ಇರುವುದು, ಟ್ಯಾಗ್ ಅದಲುಬದಲಾಗುವುದು, ವಾಪಸ್ ಬಂದದ್ದನ್ನು ಸಿಸ್ಟಮ್‌ಗೆ ಹಾಕದೆ ಬಿಡುವುದು, ಹರಿದದ್ದನ್ನು ಬರೆದಿಡದೆ ಇರುವುದು, ಎಲ್ಲ ಸೇರಿ ಆಗುವ ನಷ್ಟ ಅದು. ಎಲ್ಲ ಖರ್ಚು ಕಳೆದು ನೂರಕ್ಕೆ ನಾಲ್ಕು ಉಳಿಯುವ ಅಂಗಡಿಯಲ್ಲಿ 100ರ ನಷ್ಟ ತುಂಬಿಕೊಳ್ಳಲು 2,500ರ ವ್ಯಾಪಾರ ಬೇಕು. ನನ್ನ ಆ ಎರಡು ಬಾಕ್ಸ್‌ಗೆ ಎಷ್ಟು ವ್ಯಾಪಾರ ಬೇಕಾಯಿತು ಅಂತ ಆಮೇಲೆ ಕೂತು ಲೆಕ್ಕ ಹಾಕಿದ್ದೆ. ಅವತ್ತಿನಿಂದ ಎಣಿಸದೆ ಯಾರಿಗೂ ಸಹಿ ಹಾಕಲು ಬಿಟ್ಟಿಲ್ಲ.

ಇನ್ನು ಅಕ್ಕನ ವಿಷಯ. ನಿಮಗೆ ಅವರ ಮೇಲಿರುವ ಪ್ರೀತಿ ನೋಡಿ ಖುಷಿಯಾಯಿತು. ಆ ಪ್ರೀತಿ ತಪ್ಪಿತಸ್ಥ ಭಾವನೆಯಾಗಿ ತಿರುಗಿದರೆ ನಿಮ್ಮ ಕೈ ಕಟ್ಟಿಹಾಕುತ್ತದೆ, ಅದೇ ನನ್ನ ಚಿಂತೆ. ಮೊದಲ ಕೆಲಸ, ಈ ಸುದ್ದಿ ಅವರಿಗೆ ನಿಮ್ಮ ಬಾಯಿಂದಲೇ ಗೊತ್ತಾಗಬೇಕು. ನೋಟಿಸ್ ಬೋರ್ಡ್‌ನಿಂದ ಅಲ್ಲ, ಬೆಳಗಿನ ಬ್ರೀಫಿಂಗ್‌ನಲ್ಲಿ ಹತ್ತು ಜನರ ಮಧ್ಯೆ ನಿಂತಾಗಲೂ ಅಲ್ಲ. ಅಂಗಡಿಯ ಹೊರಗೆ, ಅವಸರ ಇಲ್ಲದ ಹೊತ್ತಿನಲ್ಲಿ. "ಅಕ್ಕಾ, ನನಗೆ ಹೀಗೊಂದು ಕೆಲಸಕ್ಕೆ ಕರೆದಿದ್ದಾರೆ, ಒಪ್ಪಿಕೊಳ್ಳಬೇಕು ಅಂತ ಇದ್ದೇನೆ, ಬೇರೆಯವರಿಂದ ಗೊತ್ತಾಗೋ ಮೊದಲು ನಾನೇ ಹೇಳಬೇಕು ಅನಿಸಿತು." ಇಷ್ಟು ಸಾಕು. ಕ್ಷಮೆ ಕೇಳಬೇಡಿ. ನೀವು ಅವರಿಂದ ಏನೂ ಕಿತ್ತುಕೊಂಡಿಲ್ಲ. ಡಿಗ್ರಿಯ ನಿಯಮ ಮಾಡಿದ್ದು ಕಂಪನಿ. ಹನ್ನೊಂದು ವರ್ಷದ ಅನುಭವ ಇರುವವರನ್ನು ಒಂದು ಕಾಗದ ಇಲ್ಲ ಎಂದು ಕೇಳದೆಯೇ ಬಿಡುವುದು ಅನ್ಯಾಯ ಎಂದೇ ನಾನು ನಂಬುತ್ತೇನೆ, ಆದರೆ ಅದು ನೀವು ಮಾಡಿದ ಅನ್ಯಾಯ ಅಲ್ಲ. "ಏನೂ ಬದಲಾಗಲ್ಲ ಅಕ್ಕಾ" ಅಂತಲೂ ಹೇಳಬೇಡಿ. ಬದಲಾಗುತ್ತದೆ. ಅದು ಅವರಿಗೂ ಗೊತ್ತು, ಸುಳ್ಳು ಹೇಳಿದಂತಾಗುತ್ತದೆ.

ಹೇಳಿ ಸುಮ್ಮನಾಗಿ. ಅವರು ಸಿಟ್ಟು ಮಾಡಿಕೊಳ್ಳಬಹುದು, ಅಳಬಹುದು, ಬೆನ್ನು ತಟ್ಟಬಹುದು, ಎರಡು ವಾರ ಮಾತು ಬಿಡಬಹುದು. ಯಾವುದಾದರೂ ಸರಿ, ಅದು ಅವರ ಹಕ್ಕು. ಆಮೇಲೆ ಒಂದು ಪ್ರಶ್ನೆ ಕೇಳಿ: "ಈ ಕೆಲಸದಲ್ಲಿ ನಿಮಗೆ ಏನು ಬೇಕು ಅಕ್ಕಾ?" ನಾವು ಅಂದುಕೊಂಡ ಹಾಗೆ ಎಲ್ಲರಿಗೂ ಮ್ಯಾನೇಜರ್ ಆಗುವ ಆಸೆ ಇರುವುದಿಲ್ಲ. ಮಕ್ಕಳ ಶಾಲೆಯ ಹೊತ್ತಿಗೆ ಹೊಂದುವ ಶಿಫ್ಟ್ ಅವರಿಗೆ ಬೇಕಿರಬಹುದು. ಹೊಸಬರಿಗೆ ಟ್ರೈನಿಂಗ್ ಕೊಡುವುದಕ್ಕೆ ಒಂದು ಹುದ್ದೆ, ಅದಕ್ಕೊಂದಿಷ್ಟು ಸಂಬಳ ಬೇಕಿರಬಹುದು. ಮ್ಯಾನೇಜರ್ ಆಗಬೇಕು ಎಂದೇ ಹೇಳಬಹುದು. ಹಾಗೆ ಹೇಳಿದರೆ ಅವರ ಪರವಾಗಿ ಮೇಲಿನವರ ಹತ್ತಿರ ಮಾತಾಡಲು ಇನ್ನು ಮೇಲೆ ನಿಮಗೊಂದು ಕುರ್ಚಿ ಇರುತ್ತದೆ. ಅದನ್ನು ಬಳಸಿ. ಒಂದು ಸಲ ಕೇಳಿ ಬಿಡಬೇಡಿ, ಪ್ರತಿ ವರ್ಷ ಹೆಸರು ಹಿಡಿದು ಕೇಳಿ.

ಒಂದು ಎಚ್ಚರ. ಮನಸ್ಸಿನ ಭಾರ ಇಳಿಸಿಕೊಳ್ಳಲು ಅವರಿಗೆ ಒಳ್ಳೊಳ್ಳೆಯ ಶಿಫ್ಟ್ ಹಾಕಲು ಹೋಗಬೇಡಿ. ರೋಸ್ಟರ್, ಅಂದರೆ ಶಿಫ್ಟ್ ಪಟ್ಟಿ, ಅಂಟಿಸಿದ ಐದು ನಿಮಿಷದಲ್ಲಿ ಎಲ್ಲರೂ ಅದನ್ನು ಓದುತ್ತಾರೆ, ಯಾರಿಗೆ ಎಷ್ಟು ಕ್ಲೋಸಿಂಗ್, ಯಾರಿಗೆ ಭಾನುವಾರ ವೀಕ್ ಆಫ್ ಅಂತ ಬೆರಳಲ್ಲಿ ಎಣಿಸುತ್ತಾರೆ. ನೀವೂ ಎಣಿಸುತ್ತಿದ್ದಿರಿ ತಾನೆ? ಮ್ಯಾನೇಜರ್ ನ್ಯಾಯವಂತರೋ ಅಲ್ಲವೋ ಎಂದು ಸಿಬ್ಬಂದಿ ತೀರ್ಮಾನಿಸುವುದು ಆ ಒಂದು ಹಾಳೆ ನೋಡಿ. ರಾತ್ರಿ ಕ್ಲೋಸಿಂಗ್ ಮಾಡಿದವರಿಗೆ ಮರುದಿನ ಓಪನಿಂಗ್ ಹಾಕಬೇಡಿ, ಅಕ್ಕ ಆದರೂ ಅಷ್ಟೇ, ನಿನ್ನೆ ಸೇರಿದ ಹುಡುಗ ಆದರೂ ಅಷ್ಟೇ. ಯಾರೂ ಇಷ್ಟಪಡದ ಶಿಫ್ಟ್‌ಗಳನ್ನು ಸರದಿ ಪ್ರಕಾರ ಹಂಚಿ, ನಿಮ್ಮ ಹೆಸರನ್ನೂ ಆ ಸರದಿಯಲ್ಲಿ ಬರೆಯಿರಿ.

ವಾಟ್ಸಾಪ್ ಗ್ರೂಪ್‌ನಿಂದ ಹೊರಗೆ ಬನ್ನಿ. ರಾತ್ರೋರಾತ್ರಿ ಸದ್ದಿಲ್ಲದೆ ಎದ್ದು ಹೋಗಬೇಡಿ, ಹೇಳಿ ಬನ್ನಿ: "ನಾನಿಲ್ಲಿ ಇದ್ದರೆ ನೀವು ಮನಬಿಚ್ಚಿ ಮಾತಾಡೋಕಾಗಲ್ಲ." ಮ್ಯಾನೇಜರ್‌ಗೆ ಬೈದುಕೊಳ್ಳಲು ಸಿಬ್ಬಂದಿಗೆ ಒಂದು ಜಾಗ ಬೇಕೇ ಬೇಕು, ಇನ್ನು ಅದರಲ್ಲಿ ನಿಮ್ಮ ಹೆಸರೂ ಬರುತ್ತದೆ, ಬರಲಿ. ಅಲ್ಲಿ ಓದಿದ್ದನ್ನು ಒಂದಕ್ಷರವೂ ಮೇಲೆ ಮುಟ್ಟಿಸಬೇಡಿ. ನಿಮ್ಮ ಹಳೆಯ ಮೆಸೇಜ್ ಯಾರಾದರೂ ಎತ್ತಿ ತೋರಿಸಿದರೆ "ಹೌದು, ನಾನೇ ಬರೆದದ್ದು" ಅನ್ನಿ. ಮತ್ತೆ ಅದೇ ಮೆಸೇಜ್‌ಗಳನ್ನು ಇನ್ನೊಂದು ಸಲ ಓದಿ. ಬ್ರೇಕ್ ಕೊಡಲಿಲ್ಲ, ಗ್ರಾಹಕರ ಮುಂದೆ ಕೂಗಾಡಿದರು, ರಜೆ ಕೇಳಿದರೆ ಮುಖ ಸಿಂಡರಿಸಿದರು ಅಂತೆಲ್ಲ ಬರೆದಿದ್ದಿರಲ್ಲ, ಅದರಲ್ಲಿ ನಿಜ ಎಷ್ಟಿದೆಯೋ ಅಷ್ಟನ್ನೂ ನೀವು ಮಾಡದೆ ಇದ್ದರೆ ಅರ್ಧ ಕೆಲಸ ಆದಂತೆ.

ಇನ್ನೊಂದು ಕಷ್ಟದ ಮಾತು. ಯಾರು ಯಾರ ಹಾಜರಿ ಹಾಕುತ್ತಾರೆ, ಯಾರು ಸ್ಟಾಫ್ ಡಿಸ್ಕೌಂಟ್‌ನಲ್ಲಿ ಗೆಳೆಯರಿಗೆ ಬಿಲ್ ಮಾಡುತ್ತಾರೆ ಎಂದು ನಿಮಗೆ ಗೊತ್ತಿರುತ್ತದೆ. ಜೊತೆಯವರಾಗಿದ್ದಾಗ ನೋಡಿಯೂ ನೋಡದಂತೆ ಇದ್ದಿರಿ. ಸೇರಿದ ಮೊದಲ ವಾರವೇ ಎಲ್ಲರನ್ನೂ ಕೂರಿಸಿ ಒಂದೇ ಮಾತು ಹೇಳಿ: ಹಿಂದಿನದನ್ನು ಕೆದಕುವುದಿಲ್ಲ, ಇವತ್ತಿನಿಂದ ಕಂಡರೆ ಸುಮ್ಮನಿರಲು ಆಗುವುದಿಲ್ಲ. ಹೇಳದೆಯೇ ಒಂದು ದಿನ ಯಾರನ್ನಾದರೂ ಹಿಡಿದರೆ ಅದು ದ್ರೋಹದಂತೆ ಕಾಣುತ್ತದೆ. ಹೇಳಿ ಹಿಡಿದರೆ ಕಾಣುವುದಿಲ್ಲ.

ಈಗ ನಿಮ್ಮ ಮ್ಯಾನೇಜರ್‌ಗೆ ಕೇಳಬೇಕಾದ ಪ್ರಶ್ನೆಗಳು. "ಟ್ರೈನಿ" ಅಂದರೆ ಎಷ್ಟು ತಿಂಗಳು, ಅದು ಮುಗಿದಾಗ ಹುದ್ದೆ ಮತ್ತು ಸಂಬಳ ಏನು, ಬರವಣಿಗೆಯಲ್ಲಿ ಕೊಡುತ್ತಾರಾ? ಓವರ್‌ಟೈಮ್, ಇನ್ಸೆಂಟಿವ್ ನಿಂತುಹೋಗುತ್ತವಾ? ಎಷ್ಟೋ ಕಡೆ ಮ್ಯಾನೇಜರ್ ದರ್ಜೆಗೆ ಹೋದ ಕೂಡಲೇ ಓವರ್‌ಟೈಮ್ ಸಿಗುವುದಿಲ್ಲ, ಕೆಲಸದ ಗಂಟೆ ಮಾತ್ರ ಜಾಸ್ತಿಯಾಗುತ್ತದೆ. ಹೊಸ ಸಂಬಳವನ್ನು ನಿಜವಾಗಿ ದುಡಿಯುವ ಗಂಟೆಗಳಿಂದ ಭಾಗಿಸಿ ನೋಡಿ. ರೋಸ್ಟರ್ ಮಾಡುವುದು, ಮಾಲಿಗೆ ಆರ್ಡರ್ ಹಾಕುವುದು, ಅಂಗಡಿಯ ಲಾಭನಷ್ಟದ ಲೆಕ್ಕ ಓದುವುದು, ಇವನ್ನು ಯಾರು ಕಲಿಸುತ್ತಾರೆ, ಯಾವಾಗ? ಇದಕ್ಕೆ ಉತ್ತರ ಸರಿಯಾಗಿ ಬರದೆ ಬರೀ ಬೀಗದ ಕೈ, ಕ್ಲೋಸಿಂಗ್ ಕ್ಯಾಶ್ ಎಣಿಸುವುದು ಮಾತ್ರ ನಿಮ್ಮ ಪಾಲಿಗೆ ಬಂದರೆ, ಅದು ಹೆಸರಿಗಷ್ಟೇ ಪ್ರಮೋಷನ್. ಆಗ ನನ್ನ ಸಲಹೆ ಬದಲಾಗುತ್ತದೆ, ಬೇಡ ಅನ್ನಿ, ನಿಮ್ಮ ಮೂರು ವರ್ಷದ ಅನುಭವ ಹಿಡಿದುಕೊಂಡು ಬೇರೆ ಕಂಪನಿಯಲ್ಲಿ ಇದೇ ಹುದ್ದೆ ಹುಡುಕಿ.

ಮತ್ತೆ ಇದೊಂದು ಕೇಳಿ: ಬೇರೆ ಬ್ರಾಂಚ್‌ನಲ್ಲಿ ಟ್ರೈನಿಂಗ್ ಕೊಡಲು ಆಗುತ್ತದಾ? ನನ್ನನ್ನು ಕೇಳಿದರೆ ಮೊದಲ ಆರು ತಿಂಗಳು ಹಾಗೆ ಮಾಡುವುದೇ ವಾಸಿ. ಅಲ್ಲಿ ನಿಮ್ಮನ್ನು ಯಾರೂ ಪಾರ್ಟ್‌ಟೈಮ್ ಹುಡುಗಿಯಾಗಿ ನೋಡಿರುವುದಿಲ್ಲ, ತಪ್ಪು ಮಾಡಿ ಕಲಿಯಲು ಸ್ವಲ್ಪ ಜಾಗ ಸಿಗುತ್ತದೆ, ಆಮೇಲೆ ಮರಳಿ ಬಂದಾಗ ನೀವು ಮ್ಯಾನೇಜರ್ ಆಗಿಯೇ ಬರುತ್ತೀರಿ. ಆಗುವುದಿಲ್ಲ ಎಂದರೂ ಬೇಜಾರಿಲ್ಲ, ಇಲ್ಲೇ ಶುರುಮಾಡಿ, ಸ್ವಲ್ಪ ಜಾಸ್ತಿ ಕಷ್ಟ ಆಗುತ್ತದೆ ಅಷ್ಟೇ. ಒಂದು ವರ್ಷ ಮಾಡಿದ ಮೇಲೆ ಜನರನ್ನು ನಡೆಸುವುದು ನಿಮಗೆ ಸುಸ್ತು ಮಾಡುತ್ತದೆ, ಸ್ಟಾಕ್ ಲೆಕ್ಕ ಮಾತ್ರ ಖುಷಿ ಕೊಡುತ್ತದೆ ಅನಿಸಿದರೆ ಬೈಯಿಂಗ್ (ಅಂಗಡಿಗೆ ಮಾಲು ಆರಿಸಿ ಕೊಳ್ಳುವುದು), ಮರ್ಚಂಡೈಸಿಂಗ್ (ಯಾವ ಮಾಲು ಎಲ್ಲಿ, ಎಷ್ಟು ಇಡಬೇಕು ಎಂದು ನೋಡುವುದು), ಸ್ಟಾಕ್ ಪ್ಲಾನಿಂಗ್ ಕಡೆಗೆ ಹೋಗಬಹುದು. ಅಂಗಡಿ ನಡೆಸಿ ಬಂದವರಿಗೆ ಅಲ್ಲಿ ಬೆಲೆ ಇದೆ.

ನಿಮ್ಮ ಹತ್ತಿರ ಇನ್ನೂ ಒಂಬತ್ತು ದಿನ ಇದೆ. ಈ ವಾರದ ರೋಸ್ಟರ್‌ನಲ್ಲಿ ನಿಮ್ಮದೂ ಅಕ್ಕನದೂ ಒಟ್ಟಿಗೆ ಶಿಫ್ಟ್ ಮುಗಿಯುವ ದಿನ ಯಾವುದು ನೋಡಿಕೊಳ್ಳಿ. ಅವತ್ತು ಅವರ ಜೊತೆ ಬಸ್ ಸ್ಟಾಪ್‌ವರೆಗೆ ನಡೆದುಕೊಂಡು ಹೋಗಿ.