ಓಪನ್ ಸೋರ್ಸ್ ಬಳಸಿದರೆ ನಮ್ಮ ಕೋಡನ್ನೂ ಬಿಟ್ಟುಕೊಡಬೇಕಾ?

ಪ್ರಶ್ನೆ: ಮಂಡ್ಯದ ಕಬ್ಬು ಬೆಳೆಗಾರರಿಗೆಂದು, ಫೋನಿನಿಂದಲೇ ಪಂಪ್‌ಸೆಟ್ ಆನ್ ಮಾಡುವ 4ಜಿ ಸ್ಟಾರ್ಟರ್ ತಯಾರಿಸುತ್ತಿದ್ದೇವೆ. ಒಳಗೆ ಲಿನಕ್ಸ್ ಎಂಬ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ) ಆಪರೇಟಿಂಗ್ ಸಿಸ್ಟಮ್ ಇದೆ. ನಮ್ಮ ಕೋಡನ್ನೂ ಕೊಡಬೇಕಾ?

ಉತ್ತರ: ಎಲ್ಲವನ್ನೂ ಅಲ್ಲ. ಹಾಗಂತ "ಓಪನ್ ಸೋರ್ಸ್ ತಾನೇ, ಸುಮ್ನೆ ಹಾಕ್ಕೊಳ್ಳಿ" ಅನ್ನುವವರ ಮಾತು ಕೇಳಬೇಡಿ. ಅದಕ್ಕೂ ಒಡೆಯರಿದ್ದಾರೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಸಾಫ್ಟ್‌ವೇರ್ ಕೂಡ ಸಾಹಿತ್ಯ ಕೃತಿಯೇ!

ಲಿನಕ್ಸಿನ ತಿರುಳಾದ ಕರ್ನಲ್‌ಗೆ ಇರುವುದು ಜಿಪಿಎಲ್ ಎಂಬ ಲೈಸೆನ್ಸಿನ 2ನೇ ಆವೃತ್ತಿ. ನಿಮ್ಮ ಆಫೀಸಿನೊಳಗೆ ಏನು ತಿದ್ದಿಕೊಂಡರೂ ಯಾರೂ ಕೇಳುವುದಿಲ್ಲ. ಸ್ಟಾರ್ಟರ್ ಮದ್ದೂರಿನ ರೈತರ ಕೈ ಸೇರಿತೋ, ಷರತ್ತು ಶುರು. ಕರ್ನಲ್ ಕೋಡನ್ನು ನಿಮ್ಮ ಬದಲಾವಣೆ ಸಮೇತ ಜೊತೆಗೇ ಕೊಡಬೇಕು, ಇಲ್ಲವೇ ಕೇಳಿದವರಿಗೆ ಕೊಡುತ್ತೇವೆ ಎಂದು ಬರೆದುಕೊಡಬೇಕು. ಅದರ ಮೇಲೆ ಬೇರೆಯಾಗಿ ಓಡುವ ನಿಮ್ಮ ಆ್ಯಪ್ ನಿಮ್ಮದೇ. ಎಂಐಟಿ ಎಂಬ ಸಡಿಲ ಲೈಸೆನ್ಸಿನ ಫ್ರೀಆರ್‌ಟಿಒಎಸ್ (ಪುಟ್ಟ ಸಾಧನಗಳ ಆಪರೇಟಿಂಗ್ ಸಿಸ್ಟಮ್) ಆದರೆ ಇಷ್ಟು ರಗಳೆಯಿಲ್ಲ. ಕಾಪಿರೈಟ್ ಮತ್ತು ಲೈಸೆನ್ಸ್ ಸಾಲುಗಳನ್ನು ಉಳಿಸಿದರೆ ಸಾಕು. ಒಂದು ಮೋಟಾರ್ ಆನ್ ಮಾಡಲು ಲಿನಕ್ಸ್ ಜಾಸ್ತಿಯೇ ಆಯಿತು, ಅಲ್ವಾ?

ನಿಜವಾದ ತಲೆನೋವು 4ಜಿ. ಅದರ ಸ್ಟ್ಯಾಂಡರ್ಡನ್ನು, ಅಂದರೆ ಎಲ್ಲ ಸಾಧನಗಳೂ ಪಾಲಿಸುವ ತಾಂತ್ರಿಕ ನಿಯಮಗಳನ್ನು, ಯಾರು ಬೇಕಾದರೂ ಓದಬಹುದು, ಆದರೆ ಅದರೊಳಗಿನ ಪೇಟೆಂಟುಗಳು ಕಂಪನಿಗಳವು. ನ್ಯಾಯವಾದ, ತಾರತಮ್ಯವಿಲ್ಲದ ದರಕ್ಕೆ ಲೈಸೆನ್ಸ್ ಕೊಡುತ್ತೇವೆಂದು ಅವು ಸಾಮಾನ್ಯವಾಗಿ ಮಾತು ಕೊಟ್ಟಿರುತ್ತವೆ. ನ್ಯಾಯವಾದ ದರ ಎಷ್ಟು ಅನ್ನುವಲ್ಲೇ ಜಗಳ. 2013ರಲ್ಲಿ ಸ್ವೀಡನ್ನಿನ ಟೆಲಿಕಾಂ ಕಂಪನಿ ಎರಿಕ್ಸನ್, ನಮ್ಮ ಮೊಬೈಲ್ ಕಂಪನಿ ಮೈಕ್ರೋಮ್ಯಾಕ್ಸನ್ನು ದೆಹಲಿ ಹೈಕೋರ್ಟಿಗೆ ಎಳೆದದ್ದು ಇಂಥ ಪೇಟೆಂಟುಗಳಿಗಾಗಿಯೇ. 4ಜಿ ಮಾಡ್ಯೂಲ್ (ನೆಟ್‌ವರ್ಕಿಗೆ ಜೋಡಿಸುವ ಬಿಡಿಭಾಗ) ಕೊಳ್ಳುವಾಗಲೇ ರಾಯಲ್ಟಿ ಯಾರ ತಲೆಗೆ ಎಂದು ಮಾರುವವರಿಂದ ಬರೆಸಿಕೊಳ್ಳಿ.