ಅನ್ನ, ಮುದ್ದೆ ಬಿಡದೆ ಬೊಜ್ಜು ಇಳಿಸಿ ಮಸಲ್ ಬೆಳೆಸೋಕೆ ಏನು ತಿನ್ನಬೇಕು?

ನಿಮ್ಮ ಪ್ರಶ್ನೆಯಲ್ಲಿ ಬೇಕಾದ ವಿವರವೆಲ್ಲ ಇದೆ. ವಯಸ್ಸು 31, ತೂಕ 78 ಕೆಜಿ, ಕೂತು ಮಾಡುವ ಕೆಲಸ, ಜಿಮ್ ಸೇರಿ ಎರಡು ತಿಂಗಳು. ಮೊಟ್ಟೆ ತಿನ್ನುತ್ತೀರಿ, ಮಾಂಸ ಇಲ್ಲ. ಹೊಟ್ಟೆ ಕರಗಬೇಕು, ಎದೆ ತೋಳು ತುಂಬಿಕೊಳ್ಳಬೇಕು. ಟ್ರೈನರ್ ಅನ್ನ, ಮುದ್ದೆ ಎರಡೂ ಬಿಟ್ಟು ಓಟ್ಸ್ ತಿನ್ನಿ ಅಂದಿದ್ದಾರೆ. ಮನೆಯಲ್ಲಿ ಅಮ್ಮ ಮಾಡುವುದು ಮಂಡ್ಯ ಕಡೆಯ ಅಡುಗೆ. ನಿಮಗೊಬ್ಬರಿಗೆ ಅಂತ ಬೇರೆ ಅಡುಗೆ ಮಾಡಿಸಲು ಮನಸ್ಸಿಲ್ಲ.

ಬಿಡಬೇಕಾಗಿಲ್ಲ. ನಾನೂ ಆ ಕಡೆಯವನೇ. ಹಲವು ವರ್ಷದಿಂದ ಮುದ್ದೆ ತಿಂದುಕೊಂಡೇ ಭಾರ ಎತ್ತುತ್ತಿದ್ದೇನೆ. ನಮ್ಮ ಅಡುಗೆಯಲ್ಲಿ ಕೊರತೆ ಇಲ್ಲ, ನಾವು ಬಡಿಸಿಕೊಳ್ಳುವ ಅಳತೆಯಲ್ಲಿದೆ.

ಬಸ್ಸಾರನ್ನೇ ತಗೊಳ್ಳಿ. ಅಲಸಂದೆ ಕಾಳೋ ಹೆಸರುಕಾಳೋ ಬೇಯಿಸಿ, ಸೊಪ್ಪು ಸೇರಿಸಿ, ಕಟ್ಟು ಬಸಿಯುತ್ತಾರೆ. ಆ ಕಟ್ಟಿಗೆ ಖಾರ ರುಬ್ಬಿ ಹಾಕಿ ಕುದಿಸಿದರೆ ಸಾರು. ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟು, ಕಾಯಿತುರಿ ಉದುರಿಸಿದರೆ ಪಲ್ಯ. ಈಗ ತಟ್ಟೆ ನೋಡಿ. ನಡುವೆ ದೊಡ್ಡ ಮುದ್ದೆ, ಪಕ್ಕದಲ್ಲಿ ಸಾರು, ಮೂಲೆಯಲ್ಲಿ ನೆಂಚಿಕೊಳ್ಳೋಕೆ ಎರಡು ಚಮಚ ಪಲ್ಯ. ಆಮೇಲೆ ಅದೇ ಸಾರಿಗೆ ಇನ್ನೊಂದಿಷ್ಟು ಅನ್ನ. ಕಾಳಿನ ಪ್ರೋಟೀನ್‌ನ ಬಹುಪಾಲು ಇರುವುದು ಆ ಪಲ್ಯದಲ್ಲಿ. ನಾವು ಅದನ್ನು ಉಪ್ಪಿನಕಾಯಿ ಥರ ತಿನ್ನುತ್ತೇವೆ. ಉಪ್ಪುಸಾರಿನ ಕಥೆಯೂ ಇದೇ, ಹುರುಳಿ ಕಟ್ಟಿನ ಕಥೆಯೂ ಇದೇ. ಒಣ ಹುರುಳಿಯಲ್ಲಿ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ತೊಗರಿಬೇಳೆಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಇಷ್ಟು ಒಳ್ಳೆಯ ಕಾಳನ್ನು ಬೇಯಿಸಿ, ನೀರನ್ನು ನಾವು ಕುಡಿದು ಗಟ್ಟಿಯನ್ನು ಪಾತ್ರೆಯಲ್ಲಿ ಉಳಿಸಿದರೆ ಹೇಗೆ?

ಹಾಗಾಗಿ ನನ್ನ ಉತ್ತರದ ಮುಖ್ಯ ಮಾತು ಇದೇ: ಸಾರಿಗೆ ಮುದ್ದೆ ಇರಲಿ, ಆದರೆ ಮುದ್ದೆ ಚಿಕ್ಕದಾಗಲಿ, ಪಲ್ಯ ಒಂದು ದೊಡ್ಡ ಬಟ್ಟಲು ತುಂಬ ಬರಲಿ. ಅಮ್ಮ ಮಾಡುವುದು ಅದೇ ಅಡುಗೆ. ಕಾಳು ಮಾತ್ರ ಇನ್ನೊಂದು ಹಿಡಿ ಜಾಸ್ತಿ ನೆನೆಹಾಕಬೇಕು.

ಪ್ರೋಟೀನ್‌ಗೆ ಯಾಕಿಷ್ಟು ಒತ್ತು? ಕೊಬ್ಬು ಮಸಲ್ ಆಗಿ ಬದಲಾಗುವುದಿಲ್ಲ, ಅವೆರಡೂ ಬೇರೆ ಬೇರೆ. ಖರ್ಚಾಗುವುದಕ್ಕಿಂತ ಕಡಿಮೆ ತಿಂದಾಗ ದೇಹ ಕೂಡಿಟ್ಟ ಕೊಬ್ಬನ್ನು ಬಳಸುತ್ತದೆ. ಜೊತೆಗೆ ಮಸಲ್ ಅನ್ನೂ ಸ್ವಲ್ಪ ಕರಗಿಸಿಕೊಳ್ಳುತ್ತದೆ. ಭಾರ ಎತ್ತುತ್ತಿದ್ದರೆ 'ಇದು ಬೇಕು, ಇಟ್ಟುಕೋ' ಅಂತ ದೇಹಕ್ಕೆ ಹೇಳಿದಂತೆ. ಅದನ್ನು ಕಟ್ಟಲು ಸಾಮಾನು ಕೊಡುವುದು ಪ್ರೋಟೀನ್. ನಿಮ್ಮಂತೆ ಹೊಸದಾಗಿ ಶುರು ಮಾಡಿದವರಿಗೆ, ಮೈಯಲ್ಲಿ ಕೊಬ್ಬೂ ಇರುವವರಿಗೆ ಎರಡೂ ಕೆಲಸ ಒಟ್ಟಿಗೆ ಆಗುತ್ತದೆ. ಈ ಅವಕಾಶ ಹಳಬರಿಗೆ ಸುಲಭವಾಗಿ ಸಿಗಲ್ಲ, ಕಳೆದುಕೊಳ್ಳಬೇಡಿ.

ಎಷ್ಟು ಬೇಕು ಅಂದರೆ, ನಮ್ಮ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಹೇಳಿರುವುದು ದಿನಕ್ಕೆ ಕೆಜಿ ತೂಕಕ್ಕೆ 0.83 ಗ್ರಾಂ. ಅದು ಸಾಮಾನ್ಯ ಆರೋಗ್ಯಕ್ಕೆ. ಮಸಲ್ ಬೆಳೆಸುವವರಿಗೆ 1.6 ಗ್ರಾಂ ಆಸುಪಾಸು ಬೇಕು. ನೀವು ತಲುಪಬೇಕೆಂದಿರುವ ತೂಕ 70 ಅಂದುಕೊಳ್ಳಿ, ಆಗ ಸುಮಾರು 110 ಗ್ರಾಂ. ಬೆಳಗ್ಗೆ ಇಡ್ಲಿ ಚಟ್ನಿ, ಮಧ್ಯಾಹ್ನ ಮುದ್ದೆ ಅನ್ನ ಸಾರು, ಸಂಜೆ ಬಿಸ್ಕತ್ತು ಕಾಫಿ, ರಾತ್ರಿ ಚಪಾತಿ ಪಲ್ಯ ತಿನ್ನುವವರಿಗೆ 50 ಗ್ರಾಂ ದಾಟುವುದೇ ಕಷ್ಟ.

ಓಟ್ಸ್ ವಿಷಯ ಹೇಳಿಬಿಡುತ್ತೇನೆ. ಅದರಲ್ಲಿ ರಾಗಿಗಿಂತ ಪ್ರೋಟೀನ್ ಜಾಸ್ತಿ ಇರುವುದು ನಿಜ. ಆದರೆ ಒಂದು ಹೊತ್ತಿಗೆ 40 ಗ್ರಾಂ ಓಟ್ಸ್ ಹಾಕಿದರೆ ಸಿಗುವುದು 5 ಗ್ರಾಂ, ಅಂದರೆ ಒಂದು ಮೊಟ್ಟೆಯಷ್ಟೂ ಇಲ್ಲ. ಇಷ್ಟವಿದ್ದರೆ ತಿನ್ನಿ, ಮುದ್ದೆಗೆ ಬದಲಿ ಅಂತ ಸುಮ್ನೆ ಕಷ್ಟಪಟ್ಟು ನುಂಗಬೇಡಿ. ರಾಗಿಯಲ್ಲಿ ನಾರಿದೆ, 100 ಗ್ರಾಂಗೆ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ, ಹೊಟ್ಟೆಯೂ ಬೇಗ ತುಂಬುತ್ತದೆ.

ನಿಮ್ಮ ಒಂದು ದಿನ ಹೀಗಿರಬಹುದು. ಬೆಳಗ್ಗೆ ಎರಡು ಇಡ್ಲಿ ಅಥವಾ ಒಂದು ದೋಸೆ, ಜೊತೆಗೆ ಮೂರು ಬೇಯಿಸಿದ ಮೊಟ್ಟೆ, ಒಂದು ದೊಡ್ಡ ಲೋಟ ಹಾಲು. ಇಷ್ಟಕ್ಕೇ 30 ಗ್ರಾಂ ಹತ್ತಿರ ಬಂತು. ಹಾಲು ನಂದಿನಿಯ ನೀಲಿ ಪ್ಯಾಕೆಟ್ಟಿನದಾದರೆ ಸಾಕು, ಅದರಲ್ಲಿ ಕೊಬ್ಬು 3 ಪರ್ಸೆಂಟ್. ಮೊಟ್ಟೆಯ ಹಳದಿ ಬಿಸಾಡಬೇಡಿ. ಪ್ರೋಟೀನ್‌ನಲ್ಲಿ ಅದರ ಪಾಲೂ ಇದೆ, ಮಾಂಸ ತಿನ್ನದ ನಿಮಗೆ ಬೇಕಾದ ಬಿ12 ಇರುವುದೂ ಅದರಲ್ಲೇ. ಕೊಲೆಸ್ಟರಾಲ್ ಜಾಸ್ತಿ ಇದ್ದರೆ ಮಾತ್ರ ಎಷ್ಟು ತಿನ್ನಬಹುದು ಅಂತ ಡಾಕ್ಟರ್ ಹತ್ತಿರ ಕೇಳಿ.

ಮಧ್ಯಾಹ್ನ ಮುಷ್ಟಿಯಷ್ಟು ಮುದ್ದೆ, ಬಟ್ಟಲು ತುಂಬ ಕಾಳು ಪಲ್ಯ, ಒಂದು ಕಪ್ ಗಟ್ಟಿ ಮೊಸರು. ಒಣ ಕಾಳಿನ ಲೆಕ್ಕದಲ್ಲಿ ಒಬ್ಬರಿಗೆ 60 ಗ್ರಾಂ ಇರಲಿ. ಎಲ್ಲ ಸೇರಿ 25 ಗ್ರಾಂ ಆಗುತ್ತದೆ. ಪ್ರೋಟೀನ್ ಆಗುವುದು ಹಲವು ಅಂಶ ಸೇರಿ. ರಾಗಿ, ಅಕ್ಕಿಯಲ್ಲಿ ಅವುಗಳ ಪೈಕಿ ಲೈಸಿನ್ ಅನ್ನುವ ಅಂಶ ಕಡಿಮೆ, ಕಾಳಿನಲ್ಲಿ ಅದು ಚೆನ್ನಾಗಿದೆ. ಕಾಳಿನಲ್ಲಿ ಕಡಿಮೆ ಇರುವ ಮೆಥಿಯೊನಿನ್ ಅನ್ನುವ ಇನ್ನೊಂದು ಅಂಶ ಅಕ್ಕಿ, ರಾಗಿಯಲ್ಲಿದೆ. ಹಾಗಾಗಿ ಮುದ್ದೆ ಕಾಳು ಜೋಡಿ ಒಂದನ್ನೊಂದು ತುಂಬಿಕೊಡುತ್ತದೆ.

ಸಂಜೆ ಜಿಮ್ ಮುಗಿಸಿ ಬಂದ ಮೇಲೆ ಸೋಯಾ ಚಂಕ್ಸ್. ಅಂಗಡಿಯಲ್ಲಿ ಮೀಲ್ ಮೇಕರ್ ಅಂತ ಕೇಳಿದರೂ ಕೊಡುತ್ತಾರೆ. ಒಣದು 100 ಗ್ರಾಂನಲ್ಲಿ 50 ಗ್ರಾಂ ಪ್ರೋಟೀನ್, ಕೊಬ್ಬು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಪ್ರೋಟೀನ್ ಕೊಡುವ ಪದಾರ್ಥ ನನಗೆ ಇನ್ನೊಂದು ಸಿಕ್ಕಿಲ್ಲ. ದಿನಕ್ಕೆ 40 ಗ್ರಾಂ ಸಾಕು. ಅದರ ವಾಸನೆ ಕೆಲವರಿಗೆ ಹಿಡಿಸಲ್ಲ. ಉಪ್ಪು ಹಾಕಿದ ನೀರಲ್ಲಿ ಕುದಿಸಿ, ಬಸಿದು, ತಣ್ಣೀರಲ್ಲಿ ಎರಡು ಸಲ ತೊಳೆದು, ಅಂಗೈಯಲ್ಲಿ ಚೆನ್ನಾಗಿ ಹಿಂಡಿ. ನೊರೆಯಂಥ ನೀರು ಪೂರ್ತಿ ಹೋಗಬೇಕು. ಆಮೇಲೆ ಈರುಳ್ಳಿ, ಶುಂಠಿ ಬೆಳ್ಳುಳ್ಳಿ, ಧನಿಯಾಪುಡಿ, ಕಾಳುಮೆಣಸಿನಲ್ಲಿ ಹುರಿದರೆ ವಾಸನೆ ಗೊತ್ತೇ ಆಗಲ್ಲ.

ರಾತ್ರಿ ಎರಡು ಚಪಾತಿ ಅಥವಾ ಒಂದು ಬಟ್ಟಲು ಅನ್ನ, ಗಟ್ಟಿ ತೊವ್ವೆ, 100 ಗ್ರಾಂ ಪನೀರ್ ಇಲ್ಲವೇ ಎರಡು ಮೊಟ್ಟೆ, ಸೌತೆಕಾಯಿ ಕೋಸಂಬರಿ. ಅಲ್ಲಿಗೆ 100 ದಾಟಿತು.

ಒಂದು ಎಚ್ಚರಿಕೆ. ಕಾಳನ್ನು ಒಂದೇ ದಿನಕ್ಕೆ ಎರಡರಷ್ಟು ಮಾಡಿದರೆ ಹೊಟ್ಟೆ ಉಬ್ಬರಿಸುತ್ತದೆ. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಸಾಧ್ಯವಾದರೆ ಮೊಳಕೆ ಬರಿಸಿ ಬೇಯಿಸಿ. ಎರಡು ಮೂರು ವಾರದಲ್ಲಿ ನಿಧಾನಕ್ಕೆ ಹೆಚ್ಚಿಸಿ.

ಇನ್ನು ಕಡಿಮೆ ಮಾಡಬೇಕಾದ್ದು. ಎಲ್ಲರೂ ಅನ್ನದ ಮೇಲೆ ಕಣ್ಣಿಡುತ್ತಾರೆ, ಒಗ್ಗರಣೆ ಸೌಟಿನ ಕಡೆ ಯಾರೂ ನೋಡಲ್ಲ. ಒಂದು ದೊಡ್ಡ ಚಮಚ ಎಣ್ಣೆ ಅಂದರೆ ಸುಮಾರು 120 ಕ್ಯಾಲೊರಿ. ಬೇಯಿಸಿದ ಅನ್ನ 100 ಗ್ರಾಂನಲ್ಲಿ ಇರುವುದು 130. ಅಂದರೆ ಪಲ್ಯಕ್ಕೆ ಬಿದ್ದ ಇನ್ನೊಂದು ಚಮಚ ಎಣ್ಣೆ ತಟ್ಟೆಗೆ ಬಿದ್ದ ಇನ್ನೊಂದು ಸೌಟು ಅನ್ನದ ಹಾಗೇ, ಹೊಟ್ಟೆ ಮಾತ್ರ ತುಂಬಿಸಲ್ಲ. ಕಡಲೆಕಾಯಿ ಬೀಜ ಒಳ್ಳೆಯದೇ, ಆದರೆ ಅದನ್ನು ಪ್ರೋಟೀನ್ ಅಂತ ಹಿಡಿಗಟ್ಟಲೆ ತಿನ್ನುವವರನ್ನು ನೋಡಿದ್ದೇನೆ. ಅದರ ತೂಕದ ಅರ್ಧದಷ್ಟು ಕೊಬ್ಬೇ. ಒಂದು ಚಿಕ್ಕ ಹಿಡಿ ಸಾಕು. ದಿನಕ್ಕೆ ನಾಲ್ಕು ಕಾಫಿಗೆ ಎರಡೆರಡು ಚಮಚ ಸಕ್ಕರೆ ಹಾಕಿದರೆ 150 ಕ್ಯಾಲೊರಿ ಅಲ್ಲೇ ಹೋಯಿತು. ದಿನಕ್ಕೆ ಒಟ್ಟು 300ರಿಂದ 500 ಕ್ಯಾಲೊರಿ ಕಡಿಮೆಯಾದರೆ ಸಾಕು, ಅದಕ್ಕಿಂತ ಜಾಸ್ತಿ ಕಡಿತ ಮಾಡಿದರೆ ಜಿಮ್‌ನಲ್ಲಿ ಕೈಕಾಲು ಏಳಲ್ಲ.

'ಅನ್ನ ಬಿಟ್ಟೆ, ಒಂದೇ ವಾರಕ್ಕೆ 2 ಕೆಜಿ ಇಳಿದೆ' ಅಂತ ಯಾರಾದರೂ ಹೇಳಿದರೆ ಆಸೆಪಡಬೇಡಿ. ಅನ್ನ, ಮುದ್ದೆಯಿಂದ ಬಂದ ಸಕ್ಕರೆ ಅಂಶವನ್ನು ದೇಹ ಮಸಲ್ ಮತ್ತು ಲಿವರ್‌ನಲ್ಲಿ ಗ್ಲೈಕೊಜೆನ್ ಆಗಿ ಇಡುತ್ತದೆ. ಅದರ ಒಂದೊಂದು ಗ್ರಾಂ ಜೊತೆ ಸುಮಾರು 3 ಗ್ರಾಂ ನೀರೂ ಕೂತಿರುತ್ತದೆ. ಮೊದಲ ವಾರ ಇಳಿಯುವುದರಲ್ಲಿ ಹೆಚ್ಚಿನದು ಆ ನೀರು. ಭಾರ ಎತ್ತುವಾಗ ಶಕ್ತಿ ಕೊಡುವುದೂ ಅದೇ ಗ್ಲೈಕೊಜೆನ್ ಅಲ್ವಾ? ಜಿಮ್‌ಗೆ ಹೋಗುವ ದಿನ ಅನ್ನ ಮುದ್ದೆಯನ್ನು ಅದರ ಹಿಂದೆ ಮುಂದೆ ಇಟ್ಟುಕೊಳ್ಳಿ.

ವ್ಹೇ ಪೌಡರ್ ಕೇಳಿದ್ದಿರಿ. ಅದು ಹಾಲಿನದೇ ಪ್ರೋಟೀನ್, ಔಷಧಿಯೂ ಅಲ್ಲ, ವಿಷವೂ ಅಲ್ಲ. ಊಟದಲ್ಲಿ 110 ತುಂಬುತ್ತಿದ್ದರೆ ದುಡ್ಡು ಉಳಿಸಿ. ಸಂಜೆ ಅಡುಗೆಗೆ ಸಮಯ ಇಲ್ಲದ ದಿನ ಸೋಯಾ ಬದಲು ಒಂದು ಸ್ಕೂಪ್ ಕುಡಿಯಬಹುದು. ಕಿಡ್ನಿ ಆರೋಗ್ಯವಾಗಿರುವವರಿಗೆ ಇಷ್ಟು ಪ್ರೋಟೀನ್‌ನಿಂದ ತೊಂದರೆ ಇಲ್ಲ. ಆದರೆ ಕಿಡ್ನಿ ಸಮಸ್ಯೆ, ಶುಗರ್, ಬಿಪಿ ಯಾವುದಾದರೂ ಇದ್ದರೆ ರಕ್ತ ಪರೀಕ್ಷೆ ಮಾಡಿಸಿ ಡಾಕ್ಟರ್ ಒಪ್ಪಿದ ಮೇಲೇ ಶುರು ಮಾಡಿ.

ತೂಕದ ಮೆಷಿನ್ ಒಂದನ್ನೇ ನಂಬಬೇಡಿ. ಮಸಲ್ ಸೇರಿ ಕೊಬ್ಬು ಇಳಿದಾಗ ಮುಳ್ಳು ಅಲ್ಲೇ ನಿಂತಿರಬಹುದು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಹೊಟ್ಟೆ ಒಳಗೆ ಎಳೆದುಕೊಳ್ಳದೆ, ಹೊಕ್ಕುಳ ಮಟ್ಟದಲ್ಲಿ ಟೇಪ್ ಹಿಡಿದು ವಾರಕ್ಕೊಮ್ಮೆ ಬರೆದಿಡಿ. ನಮ್ಮ ದೇಶದ ಗಂಡಸರಿಗೆ ಸೊಂಟ 90 ಸೆಂಟಿಮೀಟರ್ ಒಳಗಿರಬೇಕು ಅನ್ನುತ್ತಾರೆ. ಜಿಮ್‌ನಲ್ಲಿ ಎತ್ತಿದ ಭಾರವನ್ನೂ ಪಕ್ಕದಲ್ಲೇ ಬರೆಯಿರಿ, ಅದು ನಿಧಾನಕ್ಕೆ ಏರುತ್ತಿರಬೇಕು. ಮೂರು ವಾರ ಕಳೆದರೂ ಸೊಂಟ ಅಲುಗದಿದ್ದರೆ ಮೊದಲು ಎಣ್ಣೆ ಇಳಿಸಿ, ಆಮೇಲೆ ರಾತ್ರಿಯ ಅನ್ನ ಸ್ವಲ್ಪ ಕಡಿಮೆ ಮಾಡಿ. ಕಾಳು, ಮೊಟ್ಟೆ, ಮೊಸರಿನ ತಂಟೆಗೆ ಮಾತ್ರ ಹೋಗಬೇಡಿ.