ಮರಿಗಳಲ್ಲಿ ಹುಂಜವೇ ಜಾಸ್ತಿ, ಕಾರಣ ಹುಂಜನಾ ಹ್ಯಾಟೆನಾ?

ಪ್ರಶ್ನೆ: ನಾಲ್ಕು ನಾಟಿ ಹ್ಯಾಟೆ, ಒಂದು ಹುಂಜ ಸಾಕಿದ್ದೇನೆ. ಈ ಸಲ ಕಾವಿಗೆ ಕೂರಿಸಿದಾಗ 9 ಮರಿ ಆದವು, ಅದರಲ್ಲಿ 6 ಹುಂಜ. ಹುಂಜ ಬದಲಾಯಿಸಿ ಅಂತಾರೆ ಪಕ್ಕದ ಮನೆಯವರು. ಚೂಪು ಮೊಟ್ಟೆ ಇಟ್ಟಿದ್ದಕ್ಕೇ ಹೀಗಾಯ್ತು ಅಂತಾರೆ ನಮ್ಮತ್ತೆ. ಗಂಡೋ ಹೆಣ್ಣೋ ಅನ್ನೋದು ತಂದೆಯಿಂದ ಅಂತ ನಾನು ಶಾಲೆಯಲ್ಲಿ ಓದಿದ್ದೆ. ಯಾವುದು ಸರಿ?

ಉತ್ತರ: ನೀವು ಓದಿದ್ದು ಮನುಷ್ಯರ ಮಟ್ಟಿಗೆ ಸರಿ. ಕೋಳಿಯಲ್ಲಿ ಅದು ಪೂರ್ತಿ ತಿರುಗುಮುರುಗು.

ನಮ್ಮಲ್ಲಿ ಹೆಂಗಸರಿಗೆ ಎರಡು ಎಕ್ಸ್ ಕ್ರೋಮೋಸೋಮ್ (ಜೀವಕೋಶದೊಳಗೆ ವಂಶದ ಗುಣಗಳನ್ನು ಹೊತ್ತಿರುವ ಎಳೆ), ಗಂಡಸರಿಗೆ ಒಂದು ಎಕ್ಸ್, ಒಂದು ವೈ. ತಾಯಿಯ ಅಂಡದಲ್ಲಿ ಯಾವಾಗಲೂ ಎಕ್ಸ್ ಇರುತ್ತದೆ. ಹಾಗಾಗಿ ತಂದೆಯಿಂದ ಬರುವುದು ಎಕ್ಸೋ ವೈಯೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ವೈ ಮೇಲಿರುವ ಎಸ್‌ಆರ್‌ವೈ ಎಂಬ ಜೀನ್ ಭ್ರೂಣದಲ್ಲಿ ವೃಷಣ ಬೆಳೆಯುವಂತೆ ಮಾಡುತ್ತದೆ. ಅದನ್ನು ಪತ್ತೆ ಹಚ್ಚಿದ್ದು 1990ರಲ್ಲಿ. ಇಷ್ಟಾದರೂ ಹೆಣ್ಣು ಹುಟ್ಟಿತೆಂದು ಸೊಸೆಯನ್ನು ದೂರುವ ಮನೆಗಳು ಇನ್ನೂ ಇವೆ. ಅದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕೋಳಿಗೆ ಬರೋಣ. ಹುಂಜಕ್ಕೆ ಎರಡು ಝಡ್. ಹ್ಯಾಟೆಗೆ ಒಂದು ಝಡ್, ಒಂದು ಡಬ್ಲ್ಯೂ. ಹುಂಜ ಕೊಡುವುದು ಬರೀ ಝಡ್. ಹ್ಯಾಟೆ ಝಡ್ ಕೊಟ್ಟರೆ ಮರಿ ಹುಂಜ, ಡಬ್ಲ್ಯೂ ಕೊಟ್ಟರೆ ಹ್ಯಾಟೆ. ಅಂದಮೇಲೆ ಹುಂಜ ಬದಲಾಯಿಸಿ ಏನೂ ಪ್ರಯೋಜನವಿಲ್ಲ. ಹಾಗಂತ ಹ್ಯಾಟೆಯ ತಪ್ಪೂ ಅಲ್ಲ. ಯಾವುದು ಕೊಡಬೇಕೆಂದು ಅದು ಆರಿಸುವುದಿಲ್ಲ, ನಾಣ್ಯ ಚಿಮ್ಮಿದ ಹಾಗೆ ಆಗಿಬಿಡುತ್ತದೆ. 9 ಮರಿಗಳಲ್ಲಿ 6 ಅಥವಾ ಅದಕ್ಕಿಂತ ಹೆಚ್ಚು ಹುಂಜ ಆಗುವುದು ನಾಲ್ಕು ಸಲಕ್ಕೆ ಒಂದು ಸಲದ ಮಾತು. ಗಾಬರಿಯಾಗುವಂಥದ್ದು ಏನಿಲ್ಲ.

ನಿಮ್ಮತ್ತೆಯ ಮಾತಿಗೆ ಉತ್ತರ ಮೊಟ್ಟೆ ತಯಾರಾಗುವ ರೀತಿಯಲ್ಲೇ ಇದೆ. ಹಳದಿ ಭಾಗ ಅಂಡಾಶಯದಿಂದ ಕಳಚಿ ಬೀಳುವ ಸ್ವಲ್ಪ ಮುಂಚೆಯೇ ಅದರಲ್ಲಿ ಝಡ್ ಉಳಿಯಬೇಕೋ ಡಬ್ಲ್ಯೂ ಉಳಿಯಬೇಕೋ ಎಂಬುದು ಮುಗಿದಿರುತ್ತದೆ. ಆಮೇಲೆ ಅದು ಅಂಡನಾಳದಲ್ಲಿ ಇಳಿಯುತ್ತಾ ಬಿಳಿ ಲೋಳೆ ಸುತ್ತಿಕೊಳ್ಳುತ್ತದೆ. ಕೊನೆಗೆ ಓಡು ಕಟ್ಟುವುದಕ್ಕೇ ಸುಮಾರು 20 ಗಂಟೆ ಬೇಕು. ಚೂಪೋ ಗುಂಡೋ ಎಂಬ ಆಕಾರ ಬರುವುದು ಈ ದಾರಿಯಲ್ಲಿ. ಒಳಗಿನ ಗಂಡು ಹೆಣ್ಣಿಗೂ ಅದಕ್ಕೂ ಸಂಬಂಧವಿಲ್ಲ.

ಕಾವಿನ ಬಿಸಿ ಹೆಚ್ಚುಕಡಿಮೆ ಆದರೆ? ಕೋಳಿಯಲ್ಲಿ ಅದರಿಂದ ಹುಂಜ ಹ್ಯಾಟೆ ಬದಲಾಗುವುದಿಲ್ಲ, ಮರಿ ಸಾಯಬಹುದು ಅಷ್ಟೇ. ಆದರೆ ರಂಗನತಿಟ್ಟಿನ ಬಂಡೆಗಳ ಮೇಲೆ ಬಾಯಿ ತೆರೆದು ಮಲಗುವ ಮೊಸಳೆಗಳ ಕಥೆ ಬೇರೆ. ಅವಕ್ಕೆ ಇಂಥ ಕ್ರೋಮೋಸೋಮ್‌ಗಳೇ ಇಲ್ಲ. ಮೊಟ್ಟೆ ಹೂತ ಗೂಡಿನ ಬಿಸಿ 31 ಡಿಗ್ರಿಯೊಳಗೆ ಇದ್ದರೆ ಮರಿಗಳು ಹೆಣ್ಣು, 32.5ರ ಆಸುಪಾಸಿನಲ್ಲಿ ಗಂಡೇ ಜಾಸ್ತಿ.

ಇನ್ನೊಂದು ಮಾತು. ಯಾವತ್ತಾದರೂ ನಿಮ್ಮ ಹಳೇ ಹ್ಯಾಟೆಯೊಂದು ಮೊಟ್ಟೆ ನಿಲ್ಲಿಸಿ, ಜುಟ್ಟು ದಪ್ಪ ಮಾಡಿಕೊಂಡು, ಹುಂಜದ ಹಾಗೆ ಕೂಗಿದರೆ ಅಪಶಕುನ ಅಂತ ಕೊಯ್ಯಬೇಡಿ. ಕೋಳಿಗೆ ಕೆಲಸ ಮಾಡುವುದು ಎಡಗಡೆಯ ಅಂಡಾಶಯ ಮಾತ್ರ. ಅದು ರೋಗದಿಂದ ಕೆಟ್ಟರೆ ಹೆಣ್ಣಿನ ಹಾರ್ಮೋನು ಇಳಿದು ಹುಂಜದ ಲಕ್ಷಣ ಕಾಣಿಸಬಹುದು. ಆಗಲೂ ಅದರ ಕ್ರೋಮೋಸೋಮ್ ಝಡ್ ಮತ್ತು ಡಬ್ಲ್ಯೂ ಆಗೇ ಇರುತ್ತದೆ.